ಮಾವನ ಚುಕ್ಕಿ ಪಾಠ

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದೇ ಒಂದು ತಪ್ಪು ಮಾಡಿದವರಲ್ಲ. ಇದು ನನ್ನ ಮಾತಲ್ಲ, ಅವರದೇ. ಸಾರಿಗೆ ಉಪ್ಪು ಹೆಚ್ಚಾದರೆ ಅದು ಅತ್ತೆಯ ತಪ್ಪು. ಉಪ್ಪು ಹಾಕಿದ್ದು ತಾವೇ ಆಗಿದ್ದರೆ ಅದು ಉಪ್ಪಿನ ತಪ್ಪು. ಒಮ್ಮೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸೆಂದು ಮಾನ್ವಿಯ ಬಸ್ಸು ಹತ್ತಿದರು. "ಕೊನೇ ಸ್ಟಾಪಿಗೆ ಒಂದು ಕೊಡ್ರಿ" ಎಂದು ಟಿಕೆಟ್ ತೆಗೆದುಕೊಂಡು ನಿದ್ದೆ ಹೋದವರಿಗೆ ಎಚ್ಚರವಾದದ್ದು ಯಲ್ಲಮ್ಮನ ಗುಡಿಯಿರುವ ನೀರಮಾನ್ವಿಯಲ್ಲಿ. ನಾವು ನೀವಾದರೆ ಹಣೆ ಚಚ್ಚಿಕೊಳ್ಳುತ್ತಿದ್ದೆವು. ಮಾವ ಗಂಭೀರವಾಗಿ ಇಳಿದು ಅತ್ತೆಗೆ ಫೋನ್ ಮಾಡಿದರು.

"ಯಲ್ಲಮ್ಮನ ದರ್ಶನಕ್ಕ ಬಂದೀನಿ. ಮೊದ್ಲ ಹೇಳಿದ್ರ ನೀನೂ ಬರ್ತೀನಂತಿದ್ದಿ, ಅದಕ್ಕ ಹೇಳ್ಲಿಲ್ಲ."

"ಅಲ್ರೀ, ದೇವದುರ್ಗದಾಗ ಬೀಗ್ರು ಊಟಕ್ಕ ಕಾಯಾಕತ್ತಾರ."

"ಅವರ್ಯಾಕ ಕಾಯಬೇಕು? ತಪ್ಪು ಅವರದು."

'ತಪ್ಪಾತು' ಎಂಬ ಮಾತು ಈ ಮನುಷ್ಯನ ಬಾಯಿಂದ ಬಂದದ್ದನ್ನು ಕೇಳಿದವರು ಜಿಲ್ಲೆಯಲ್ಲೇ ಇಲ್ಲ. ಅತ್ತೆ ಅದಕ್ಕೊಂದು ಹರಕೆಯನ್ನೇ ಹೊತ್ತಿದ್ದಾರೆ. "ಲಗ್ನ ಆದಾಗಿಂದ ಕಾಯಾಕತ್ತೀನಿ. ತಪ್ಪು ನಂದು ಅಂತ ಯಾರ ಮುಂದಾದ್ರೂ ಒಂದ್ಸಲ ಅನ್ಲಿ, ಅವತ್ತ ಹಬ್ಬ ಇರ್ಲಿ ಬಿಡ್ಲಿ, ಹೋಳಿಗಿ ಮಾಡ್ತೀನಿ," ಎಂದು ಬಂದ ನೆಂಟರಿಗೆಲ್ಲ ಹೇಳುತ್ತಾರೆ. ಕಡಲೆಬೇಳೆಯ ಡಬ್ಬಿ ಅವರ ಅಡಿಗೆಮನೆಯಲ್ಲಿ ಮೇಲಿನ ಹಲಗೆಯಿಂದ ಇಳಿಯುವುದು ಯುಗಾದಿಗೆ ಮಾತ್ರ.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದ ಇಂಥ ಮಹಾಶಯರು ಆಮೇಲೆ ಹಿಡಿದ ಕೆಲಸವಾದರೂ ಯಾವುದು? ಜಗತ್ತಿನ ತಪ್ಪು ತಿದ್ದುವುದು! ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಎಂಬ ತಿರುಳು ಇರುತ್ತದಂತೆ. ಅದರಲ್ಲಿ ಒಂದು ಬಗೆಯದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆ ತಿರುಳಿಗೂ ನಮ್ಮ ಕಣ್ಣಮುಂದಿನ ಪರದೆಗೂ ನೇರ ಮಾತುಕತೆ ಇಲ್ಲ. ನಡುವೆ ನಿಂತು 'ಇಲ್ಲಿ ಕೆಂಪು ಹಾಕು, ಅಲ್ಲಿ ನೀಲಿ ಹಾಕು' ಎಂದು ಹೇಳಿಕೊಡುವ ದುಭಾಷಿಗೆ ಗ್ರಾಫಿಕ್ಸ್ ಡ್ರೈವರ್ ಎನ್ನುತ್ತಾರೆ. ಅಂಗೈಯಗಲದ ಒಂದು ಅಗ್ಗದ ಪರದೆಗೆ ಮಾವ ಅಂಥದೊಂದು ಡ್ರೈವರ್ ಬರೆದಿದ್ದಾರೆ. ಸಂಬಳವಿಲ್ಲ, ಶಾಲು ಹಾರವಿಲ್ಲ. ಇದನ್ನು ನನಗೆ ಅವರು ಹೇಳಿಕೊಟ್ಟದ್ದು ನಾನು ಊಟಕ್ಕೆ ಕುಳಿತು ಎದ್ದು ಹೋಗಲಾರದ ಹೊತ್ತು ನೋಡಿ. ನಾನು ತಾಲೂಕು ಕಚೇರಿಯಲ್ಲಿ ಟೈಪು ಮಾಡುವವನು. ಪರದೆ ಬೆಳಗಿದರೆ ಸಾಕು, ಯಾರು ಬೆಳಗಿಸಿದರು ಎಂದು ಕೇಳುವ ಜಾಯಮಾನ ನನ್ನದಲ್ಲ.

ಆದರೆ ಮಾವನಿಗೆ ಒಂದು ಚಿಂತೆ ಇತ್ತು. ನೋಡಿಕೊಳ್ಳುವವರಿಲ್ಲದ ಡ್ರೈವರನ್ನು ಕರ್ನಲ್‌ನಿಂದ ಕಿತ್ತೇ ಹಾಕುತ್ತಾರಂತೆ. ತಮ್ಮ ನಂತರ ಯಾರು? ಹಾಗಾಗಿ ಹೊಸಬರಿಗೆ ಕಲಿಸಲು ಹೊರಟರು. ಪ್ರತಿ ಭಾನುವಾರ ಬೆಳಿಗ್ಗೆ, ರಾಯಚೂರಿನ ತಮ್ಮ ಮನೆಯಲ್ಲಿ, ಪುಕ್ಕಟೆ. ಗ್ರಾಫಿಕ್ಸ್ ಎಂದರೆ ವಿಡಿಯೋ ಗೇಮ್ ಎಂದುಕೊಂಡ ಎಂಜಿನಿಯರಿಂಗ್ ಹುಡುಗರು ಮಾನ್ವಿಯಿಂದ, ದೇವದುರ್ಗದಿಂದ ಇಸ್ತ್ರಿ ಅಂಗಿ ತೊಟ್ಟು ಬಂದರು. ಮಾವ ಅವರ ಕೈಗೆ ಕೊಟ್ಟದ್ದೇನು? ರಂಗೋಲಿ ಡಬ್ಬಿ.

"ಪರದಿ ಅಂದ್ರ ಚುಕ್ಕಿ ರಂಗೋಲಿ. ಎಡಗಡಿಯಿಂದ ಬಲಕ್ಕ, ಒಂದೊಂದೇ ಚುಕ್ಕಿ ಇಡ್ರಿ. ಸಾಲು ಮುಗಿದ ಮ್ಯಾಲ ನಾ ಚಪ್ಪಾಳಿ ಹೊಡಿಯೋತನ ಮುಂದಿನ ಸಾಲು ಮುಟ್ಟಬ್ಯಾಡ್ರಿ."

ಓಣಿಯ ಮಂದಿಯೆಲ್ಲ ಹೊರಬಂದು ನಿಂತರು. ಮೀಸೆ ಬಂದ ಹುಡುಗರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಚುಕ್ಕಿ ಇಡುತ್ತಿದ್ದಾರೆ, ಕಟ್ಟೆಯ ಮೇಲೆ ನಿಂತ ಮಾವ ಚಪ್ಪಾಳೆ ತಟ್ಟುತ್ತಿದ್ದಾರೆ! ಅಂಗಳ ತುಂಬಿದ ಕೂಡಲೇ ಮಾವ ಪೊರಕೆ ತಂದು ಅಷ್ಟನ್ನೂ ಗುಡಿಸಿ, "ಈಗ ಮತ್ತ ಮೊದಲಿಂದ. ಪರದಿ ಹಂಗೇ ಮಾಡ್ತದ, ದಣಿಯಂಗಿಲ್ಲ," ಎಂದರು. ಪರದೆ ದಣಿಯಲಿಕ್ಕಿಲ್ಲ, ರಾಯಚೂರಿನ ಬಿಸಿಲಲ್ಲಿ ಹುಡುಗರು ದಣಿದರು. ಮುಂದಿನ ಭಾನುವಾರ ಅರ್ಧ ಮಂದಿ ಬರಲಿಲ್ಲ. ಹೋದವರ ಬಗ್ಗೆ ಮಾವನ ತೀರ್ಪು ಗೊತ್ತೇ ಇದೆಯಲ್ಲ: ತಪ್ಪು ಅವರ ಮೊಣಕಾಲಿನದು. ಅತ್ತೆಗೆ ಮಾತ್ರ ಒಂದು ಲಾಭವಾಯಿತು. ಭಾನುವಾರದ ಅಂಗಳ ತಾನಾಗಿಯೇ ಚೊಕ್ಕವಾಗುತ್ತಿತ್ತು.

ಈ ವಿದ್ಯೆಯ ನಿಯಮಗಳನ್ನು ಮಾವ ಮನೆಗೂ ಅನ್ವಯಿಸಿದರು. ಕರ್ನಲ್‌ಗೆ ಕಳಿಸುವ ಒಂದು ತಿದ್ದುಪಡಿಯಲ್ಲಿ ಒಂದೇ ಬದಲಾವಣೆ ಇರಬೇಕು, ಅದನ್ನು ಯಾಕೆ ಮಾಡಿದಿರಿ ಎಂಬ ವಿವರಣೆಯೂ ಇರಬೇಕು. ಒಳ್ಳೆಯದೇ. ಆದರೆ ಅತ್ತೆ "ಹಾಲು, ಬದನಿಕಾಯಿ ತರ್ರಿ" ಎಂದರೆ ಮಾವ ಕುರ್ಚಿ ಬಿಟ್ಟು ಏಳುವುದಿಲ್ಲ.

"ಎರಡು ಬ್ಯಾರೆ ಬ್ಯಾರೆ ಬದಲಾವಣಿ ಒಂದ್ರಾಗ ಸೇರಿಸೀದಿ. ಬಿಡಿಸಿ ಹೇಳು."

ಅತ್ತೆ ಬಿಡಿಸಿ ಹೇಳಿದರು. ಮಾವ ಹಾಲು ತಂದಿಟ್ಟು, ಚಪ್ಪಲಿ ಬಿಚ್ಚಿ, ಮತ್ತೆ ಮೆಟ್ಟಿ, ಬದನೆಕಾಯಿಗೆ ಹೋದರು. ಉಪ್ಪಿಟ್ಟಿಗೆ ಶೇಂಗಾ ಬಿದ್ದ ದಿನ, "ಇದನ್ನ ಯಾಕ ಹಾಕೀದಿ ಅಂತ ವಿವರಣಿ ಇಲ್ಲ," ಎಂದು ತಟ್ಟೆ ಹಿಂದಕ್ಕೆ ಸರಿಸಿದರು. "ವಿವರಣಿ ಬೇಕಾದ್ರ ಹೋಟೆಲಿಗೆ ಹೋಗ್ರಿ, ಅಲ್ಲಿ ಬೋರ್ಡ್ ಹಾಕಿರ್ತಾರ," ಎಂದರು ಅತ್ತೆ. ಮಾವ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು ತಿಂದರು. ಹಸಿವಿನ ಮುಂದೆ ನಿಯಮಗಳು ತುಸು ಸಡಿಲವಾಗುತ್ತವೆ.

ಇನ್ನು ಮಾನ್ವಿಯ ಮದುವೆಯ ಪ್ರಸಂಗ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರೈಸ್‌ಮಿಲ್ ಇಟ್ಟಿರುವ ದೂರದ ನೆಂಟರೊಬ್ಬರ ಮಗಳ ಮದುವೆ. ವೇದಿಕೆಯ ಪಕ್ಕ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ. ಅಕ್ಷತೆಯ ಹೊತ್ತಿಗೆ ನೋಡುತ್ತೇವೆ, ಪರದೆಯ ಮೇಲೆ ಮದುಮಗಳ ಕುಂಕುಮ ನೀಲಿ, ಕೆಂಪು ಸೀರೆ ನೀಲಿ, ಮುಖವೂ ಅದೇ ಸಾಲಿಗೆ ಸೇರಿದೆ. ಉಳಿದವರೆಲ್ಲ ಅದೊಂದು ಹೊಸ ನಮೂನೆಯ ಲೈಟಿಂಗ್ ಇರಬೇಕೆಂದು ಸುಮ್ಮನಿದ್ದರು. ಮಾವನ ಕೈಯಲ್ಲಿದ್ದ ಅಕ್ಷತೆ ಅಲ್ಲೇ ಉದುರಿತು. ಪರದೆಯ ಹಿಂದೆ ನುಗ್ಗಿದರು.

"ಏ ಯಜಮಾನ್ರ, ಅಲ್ಲಿ ಕೈ ಹಾಕಬ್ಯಾಡ್ರಿ," ಎಂದ ಪರದೆಯವನು.

"ಕೆಂಪು ನೀಲಿ ಅದಲುಬದಲು ಆಗ್ಯಾವಲೇ. ಕಣ್ಣು ಎಲ್ಲಿಟ್ಟೀದಿ?"

"ಇರ್ಲಿ ಬಿಡ್ರಿ. ಕೃಷ್ಣ ರುಕ್ಮಿಣಿ ಕಂಡಂಗ ಕಾಣಾಕತ್ತಾರ."

ಮಾವ ಒಂದು ವೈರು ಎಳೆದರು. ಪರದೆ ಕಪ್ಪಾಯಿತು. ಅದರ ಜೊತೆಗೇ ಮೈಕು, ರೆಕಾರ್ಡಿನ ವಾಲಗ, ಫ್ಯಾನು ಎಲ್ಲ ನಿಂತವು. ಗಟ್ಟಿಮೇಳವಿಲ್ಲದೆ, ಬೆವರು ಒರೆಸಿಕೊಳ್ಳುತ್ತ ತಾಳಿ ಕಟ್ಟಿದ ಮದುಮಗನನ್ನು ನಾನು ಅಲ್ಲೇ ನೋಡಿದ್ದು. "ಇವ್ರು ಯಾರ ಕಡಿಯವರ್ರೀ?" ಎಂದು ಹೆಣ್ಣಿನ ತಂದೆ ಕೇಳುತ್ತಿದ್ದಾಗ ನಾನು ಊಟದ ಪಂಕ್ತಿಯಲ್ಲಿ ಎಲೆ ತೊಳೆಯುವುದರಲ್ಲಿ ಮಗ್ನನಾಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ, ಒಂದು ತಪ್ಪು ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ ಎಂದುಕೊಂಡು ಮಾವನ ಮುಖ ನೋಡಿದೆ.

"ಪರದಿ ಕಪ್ಪಾದ ಮ್ಯಾಲ ಕುಂಕುಮ ನೀಲಿ ಕಾಣತಿತ್ತೇನು?" ಎಂದರು ಮಾವ.

"ಇಲ್ಲ."

"ಮತ್ತ? ಸಮಸ್ಯಾ ಬಗೀಹರೀತಲ್ಲ."

ಆ ದಿನದಿಂದ ಶಿಷ್ಯರಿಗೆ ಹೊಸ ಕಟ್ಟಳೆ ಬಂತು. ಡ್ರೈವರಿನಲ್ಲಿ ಏನೇ ಮುಟ್ಟಲಿ, ಕಳಿಸುವ ಮುಂಚೆ ಅತ್ತೆಯ ಫೋಟೋವನ್ನು ಪರದೆಗೆ ಹಾಕಿ ನೋಡಲೇಬೇಕು. ಹಣೆಯಗಲ ಕುಂಕುಮ ಇಟ್ಟ ಫೋಟೋ ಅದು. ಕುಂಕುಮ ಕೆಂಪಾಗಿ ಕಂಡರೆ ಪಾಸು, ನೀಲಿಯಾದರೆ ನಪಾಸು. "ಯಾರ್ಯಾರ ಮನ್ಯಾಗ ನನ್ನ ಮಾರಿ ನೀಲಿ ಆಗ್ಯದೋ ಏನೋ," ಎಂದು ಅತ್ತೆ ಗೊಣಗುತ್ತಿದ್ದರು. ಒಳಗೊಳಗೇ ಖುಷಿಯಿತ್ತು ಎಂಬುದು ನನ್ನ ಗುಮಾನಿ.

ಶಿಷ್ಯರು ಉದುರುತ್ತ ಉದುರುತ್ತ ಕೊನೆಗೆ ಉಳಿದವಳು ಹುಲಿಗೆಮ್ಮ ಒಬ್ಬಳೇ. ಮಸರಕಲ್ಲಿನ ಹುಡುಗಿ. ಡಿಪ್ಲೊಮಾ ಓದಿ ದೇವದುರ್ಗದ ಒಂದು ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬುವ ಕೆಲಸ ಮಾಡುತ್ತಿದ್ದಳು. ಮೊದಲ ದಿನ ರಂಗೋಲಿ ಹಿಡಿದು ಕುಳಿತವಳು ತಲೆ ಎತ್ತಿ, "ಸರ್ರ, ನೀವು ಚಪ್ಪಾಳಿ ಹೊಡಿಯೂದ್ರೊಳಗ ನಾ ಮುಂದಿನ ಸಾಲು ಇಟ್ರ ಏನಾಗ್ತದ್ರಿ?" ಎಂದು ಕೇಳಿದಳು. "ಚಿತ್ರ ನಡುವ ಹರೀತದ ಯವ್ವಾ," ಎಂದ ಮಾವ ಒಳಗೆ ಬಂದು ಅತ್ತೆಗೆ, "ಒಬ್ಬಾಕಿ ಕೇಳಿದ್ಲು ನೋಡು," ಎಂದರು. ಅಷ್ಟು ಮೆತ್ತಗಿನ ದನಿ ಆ ಮನೆಯಲ್ಲಿ ಕೇಳಿ ರೂಢಿ ಇರಲಿಲ್ಲವಾದ್ದರಿಂದ, ಜ್ವರ ಬಂದಿದೆಯೇ ಎಂದು ಅತ್ತೆ ಹಣೆ ಮುಟ್ಟಿ ನೋಡಿದರಂತೆ.

ಮಳೆಗಾಲದಲ್ಲಿ ಶುರು ಮಾಡಿದವಳು ಬೇಸಿಗೆಯ ಹೊತ್ತಿಗೆ ಮಾವನ ಡ್ರೈವರಿಗೆ ತನ್ನದೊಂದು ತಿದ್ದುಪಡಿ ಬರೆದಳು. ಬಣ್ಣಗಳು ಬೇಗ ಮೂಡುವಂಥದ್ದು. ಇದನ್ನು ಕಳಿಸುವ ಪದ್ಧತಿ ವಿಚಿತ್ರ. ಒಬ್ಬ ಸಾಹೇಬರಿಗೆ ಗುಟ್ಟಾಗಿ ಕೊಡುವಂತಿಲ್ಲ. ಊರೂರಿನ ಮಂದಿ ಕುಳಿತು ಓದುವ ಇಂಟರ್ನೆಟ್ಟಿನ ಬಯಲು ಟಪಾಲಿಗೆ ಹಾಕಬೇಕು. ಉತ್ತರವೂ ಬಯಲಲ್ಲೇ. ಒಮ್ಮೆ ಬಿದ್ದ ಅಕ್ಷರವನ್ನು ಯಾರೂ ಅಳಿಸುವಂತಿಲ್ಲ. ಹುಲಿಗೆಮ್ಮ ತನ್ನ ಹೆಸರು ಬರೆದು ಕಳಿಸಿದಳು. ನಮ್ಮ ಹುಡುಗಿಯ ಹೆಸರು ಎಲ್ಲೆಲ್ಲೋ ಓದುತ್ತಾರಂತೆ ಎಂದು ಅವರ ಓಣಿಯಲ್ಲಿ ಸುದ್ದಿಯಾಯಿತು.

ಉತ್ತರ ಬಂತು. ಯಾವುದೋ ದೇಶದ ಹಿರಿಯನೊಬ್ಬ ಇಂಗ್ಲಿಷಿನಲ್ಲಿ ಖಾರ ಅರೆದಿದ್ದ: ಕೆಂಪು ಇರುವಲ್ಲಿ ನೀಲಿ, ನೀಲಿ ಇರುವಲ್ಲಿ ಕೆಂಪು ಬರುತ್ತಿದೆ, ಪರದೆಯನ್ನು ಕಣ್ಣಿಟ್ಟು ನೋಡದವರು ಪರದೆಯ ಕೆಲಸಕ್ಕೆ ಕೈ ಹಾಕಬಾರದು, ನಮ್ಮ ಹೊತ್ತು ಹಾಳು ಮಾಡಬಾರದು.

ಆಗಿದ್ದಿಷ್ಟು. ಹುಲಿಗೆಮ್ಮ ಅತ್ತೆಯ ಫೋಟೋ ಬಿಟ್ಟು, ತಮ್ಮೂರಿನ ಭತ್ತದ ಗದ್ದೆಯ ಫೋಟೋ ಹಾಕಿ ನೋಡಿದ್ದಳು. ಆಕಾಶ ಚೂರೂ ಕಾಣದಂತೆ ಬಗ್ಗಿ ತೆಗೆದ ಫೋಟೋ; ಬರೀ ಹಸಿರು. ಪರದೆಯ ಬಣ್ಣಗಳ ಸಾಲು ಕೆಂಪು, ಹಸಿರು, ನೀಲಿ; ಕೆಂಪು ನೀಲಿ ಜಾಗ ಬದಲಿಸಿಕೊಂಡರೂ ನಡುವಿನ ಹಸಿರು ಕದಲುವುದಿಲ್ಲವಂತೆ. ಗದ್ದೆ ಚೆಂದ ಕಂಡಿತು, ಕಳಿಸಿಬಿಟ್ಟಳು.

ಆ ಭಾನುವಾರ ನಾನು ಅಲ್ಲೇ ಇದ್ದೆ. ಹುಲಿಗೆಮ್ಮ ಒಳಗೆ ಬಂದವಳೇ, ಮಾವ ಅಭ್ಯಾಸಕ್ಕೆ ಕೊಟ್ಟಿದ್ದ ಅಂಗೈಯಗಲದ ಆ ಪರದೆಯನ್ನು ಕೈವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು.

"ಸರ್ರ, ಇದು ನನ್ನ ಕೈಲಿ ಆಗಂಗಿಲ್ರಿ. ಊರಾಗ ತಪ್ಪು ಮಾಡಿದ್ರ ನಾಕ್ ದಿನಕ್ಕ ಮರೀತಾರ. ಇದು ನನ್ನ ಹೆಸರಿನ ಬುಡಕ ಹಂಗೇ ಇರ್ತದಂತಲ್ರಿ. ನಮ್ಮಣ್ಣನೂ ಸಾಕು ಬಿಡು ಅಂದಾನ."

ನಾನು ಮಾವನ ಬಾಯಿಗೆ ಕಾದೆ. ಎಷ್ಟು ಸಲ ಹೇಳಿದ್ದರು! ಈಗ ಅತ್ತೆಯ ಫೋಟೋದ ಮಹಿಮೆ, ಮಾನ್ವಿಯ ಮದುಮಗಳು, ಇಂದಿನ ಹುಡುಗರ ಅವಸರ, ಎಲ್ಲದರ ಮೇಲೂ ಪ್ರವಚನವಾಗುತ್ತದೆ ಎಂದುಕೊಂಡೆ. ಮಾವ ಮಾತ್ರ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕುಳಿತು, ಆ ಬಯಲು ಟಪಾಲಿಗೇ ಉತ್ತರ ಕುಟ್ಟತೊಡಗಿದರು. ನಾನು ಹಿಂದೆ ನಿಂತು ಓದಿದೆ. ಇಂಗ್ಲಿಷಿನಲ್ಲಿದ್ದದ್ದು ಇಷ್ಟು:

'ತಪ್ಪು ನನ್ನದು. ಹಸಿರು ಚಿತ್ರ ಹಾಕಿ ನೋಡಿದರೆ ಸಾಕು ಎಂದು ಈಕೆಗೆ ಕಲಿಸಿದವನು ನಾನೇ. ನಾನು ಹೇಳಿದ್ದನ್ನು ಈಕೆ ಸರಿಯಾಗಿ ಮಾಡಿದ್ದಾಳೆ. ಕೋಪವಿದ್ದರೆ ನನ್ನ ಮೇಲಿರಲಿ. ತಿದ್ದಿ ಮತ್ತೆ ಕಳಿಸುತ್ತಾಳೆ, ದಯವಿಟ್ಟು ಓದಿ.'

ಶುದ್ಧ ಸುಳ್ಳು. ಮಾವ ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಕಳಿಸಿದರು.

ಹುಲಿಗೆಮ್ಮನೂ ಓದಿದ್ದಳು. "ಸರ್ರ, ನೀವು ಅಮ್ಮಾರ ಫೋಟೋ ಹಾಕಂತ ಹೇಳಿದ್ರಲ್ರಿ..." ಎಂದು ಬಾಯಿ ತೆರೆದಳು.

"ಸುಮ್ನ ಕುಂದ್ರು. ಕೆಂಪು ಎಲ್ಲಿ ತಪ್ಪಿಸ್ಕೊಂಡದ ಹುಡುಕು ಮೊದ್ಲ."

ಅವಳು ಕಣ್ಣೊರೆಸಿಕೊಂಡು ಕೈವಸ್ತ್ರ ಬಿಚ್ಚಿ ಪರದೆಯನ್ನು ಹೊರಗೆ ತೆಗೆದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಏನ್ ಬರದ್ರಪಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

"ತಪ್ಪು ನಂದು ಅಂತ ಬರದಾರ, ಅತ್ತಿ."

"ಯಾರಿಗೆ?"

"ಎಲ್ಲಾರಿಗೂ. ಜಗತ್ತಿನಾಗ ಯಾರು ಬೇಕಾದ್ರೂ ಓದಬಹುದು."

"ಆಮ್ಯಾಲ ಅಳಸಾಕ ಬರ್ತದೇನು?"

"ಇಲ್ಲ. ಹಂಗೇ ಇರ್ತದ."

ಅತ್ತೆ ಮಾವನ ಬೆನ್ನನ್ನೇ ನೋಡಿದರು. "ನನಗ ಒಂದ್ಸಲನೂ ಅನ್ಲಿಲ್ಲ ನೋಡು," ಎಂದರು. ಸೆರಗು ಕಣ್ಣಿಗೆ ಹೋಯಿತು. ಆಮೇಲೆ ಅಡಿಗೆಮನೆಗೆ ಹೋಗಿ, ಸ್ಟೂಲು ಎಳೆದು, ಮೇಲಿನ ಹಲಗೆಯಿಂದ ಕಡಲೆಬೇಳೆಯ ಡಬ್ಬಿ ಇಳಿಸಿದರು.