ಅಣ್ಣ ಹಾಕಿದ ತೇಪೆ

ಮನುಷ್ಯನಿಗೆ ತನ್ನ ಬೆನ್ನ ಹಿಂದಿನ ಸಂಗತಿ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ. ನನ್ನ ಜೀನ್ಸ್ ಪ್ಯಾಂಟು ಹಿಂಬದಿಯಲ್ಲಿ ಸವೆದು ಪಿಸಿದಿರುವುದು ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಒಂದು ಶನಿವಾರ ಮಣಿಪಾಲದ ಬಸ್ಸಿನಲ್ಲಿ ನನ್ನ ಹಿಂದೆ ನಿಂತವರಿಗೂ ಗೊತ್ತಾಗಿರಬೇಕು. ನಾನು ಮಾತ್ರ ನೆಮ್ಮದಿಯಿಂದಿದ್ದೆ. ನಮ್ಮ ಆಫೀಸಿನಲ್ಲಿ ಶನಿವಾರ ಜೀನ್ಸಿಗೆ ಅನುಮತಿ ಉಂಟು; ಆ ಒಂದು ದಿನ ನಾನು ಹತ್ತು ವರ್ಷ ಚಿಕ್ಕವನಾಗುತ್ತೇನೆಂದು ನಂಬಿದ್ದೇನೆ.

"ಹೊಸದು ತಗೊಳ್ಳಿ, ಇದು ನೆಲ ಒರೆಸಲಿಕ್ಕೆ ಆಯ್ತು" ಎಂದಳು ಹೆಂಡತಿ. ಅದು ನನ್ನಿಂದಾಗದ ಕೆಲಸ. ನನಗೆ ಪ್ರಮೋಷನ್ ಸಿಕ್ಕಾಗ ಅಣ್ಣ ಕಾಪುವಿನ ಅಂಗಡಿಯಲ್ಲಿ ಒಂದೇ ತರದ ಎರಡು ಜೀನ್ಸ್ ಕೊಂಡಿದ್ದ, ನನಗೊಂದು, ತನಗೊಂದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮಲ್ಪೆಯಲ್ಲಿ ಮೀನಿನ ಬೋಟು ಹತ್ತಿ ನನ್ನನ್ನು ಓದಿಸಿದವನು ಅವನು. ಅವನು ಕೊಟ್ಟದ್ದರಿಂದ ನೆಲ ಒರೆಸುವುದುಂಟೇ? ಉಡುಪಿಯ ಟೈಲರ್ ಪ್ಯಾಂಟನ್ನು ಬೆಳಕಿಗೆ ಹಿಡಿದು, "ಹೊಲಿಯಲಿಕ್ಕೆ ಬಟ್ಟೆ ಎಲ್ಲುಂಟು ಸಾರ್?" ಎಂದು ಮಡಚಿ ಕೊಟ್ಟುಬಿಟ್ಟ.

ಭಾನುವಾರ ಅದನ್ನು ಚೀಲಕ್ಕೆ ತುರುಕಿಕೊಂಡು ಮಲ್ಪೆಗೆ ಹೋದೆ. ಅಣ್ಣ ಲುಂಗಿ ಸುತ್ತಿಕೊಂಡು, ಒಂದು ಮೊಣಕಾಲೂರಿ, ಬಲೆಯ ಅಂಚನ್ನು ಇನ್ನೊಂದು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಪ್ಯಾಂಟು ತೋರಿಸಲು ನಾಚಿಕೆಯಾಗಿ ನಾನು ಜೀನ್ಸಿನ ಚರಿತ್ರೆ ಶುರುಮಾಡಿದೆ. ನನಗಿದು ಹಳೆಯ ರೋಗ. ಮುಂಬೈಯ ಡೋಂಗ್ರಿಯ ಒರಟು ಬಟ್ಟೆಯನ್ನು ಹಡಗಿನವರು ಉಡುತ್ತಿದ್ದದ್ದು, ಇಟಲಿಯ ಬಂದರಿನ ಹೆಸರು ಜೀನ್ಸಿಗೆ ಅಂಟಿಕೊಂಡದ್ದು, ನೀಲಿ ಬಣ್ಣವನ್ನು ಒಂದು ಕಾಲದಲ್ಲಿ ನಮ್ಮ ದೇಶದ ಗಿಡದಿಂದಲೂ ತೆಗೆಯುತ್ತಿದ್ದದ್ದು, ಅಮೆರಿಕದಲ್ಲಿ ಕೂಲಿಯವರ ಜೇಬು ಪದೇ ಪದೇ ಹರಿಯುತ್ತದೆಂದು ಒಬ್ಬ ದರ್ಜಿ ಮೂಲೆಗೆ ತಾಮ್ರದ ಮೊಳೆ ಹೊಡೆದದ್ದು, ಎಲ್ಲ ಹೇಳಿದೆ.

"ಹಾಗಾದರೆ ಇದು ದುಡಿಯುವವರ ಬಟ್ಟೆ, ಅಲ್ವಾ?" ಎಂದ ಅಣ್ಣ.

"ಹೌದಣ್ಣ, ನಮ್ಮಂಥವರದ್ದು" ಎಂದೆ, ಎದೆಯುಬ್ಬಿಸಿ.

ಅವನು ನನ್ನ ಚೀಲ ಬಿಚ್ಚಿ ನೋಡಿದ. ಬಲೆಯ ಶೆಡ್ಡಿನಿಂದ ತನ್ನ ಜೀನ್ಸ್ ತಂದು ಪಕ್ಕದಲ್ಲಿ ಹಾಸಿದ. ಅದರ ಎರಡು ಮೊಣಕಾಲುಗಳೂ ಹರಿದು ಹೋಗಿದ್ದವು, ಹಿಂಬದಿ ಮಾತ್ರ ಅಂಗಡಿಯಲ್ಲಿದ್ದ ಹಾಗೆಯೇ ಇತ್ತು.

"ನಂದು ಮೊಣಕಾಲಲ್ಲಿ ಹೋಯಿತು, ನಿಂದು ಕೂತಲ್ಲಿ ಹೋಯಿತು ಮಾರಾಯ!" ಎಂದು ನಗತೊಡಗಿದ. ನನಗೂ ನಗು ಬಂತು.

ನಾನು ತಡೆಯುವಷ್ಟರಲ್ಲಿ ಅವನು ತನ್ನ ಪ್ಯಾಂಟಿನ ಹಿಂಬದಿಯನ್ನೇ ಕತ್ತರಿಸಿ ನನ್ನದಕ್ಕೆ ತೇಪೆಯಾಗಿಟ್ಟ. "ಅಣ್ಣ, ನಿನಗೆ?" ಎಂದರೆ, "ಕೂತುಕೊಳ್ಳಲಿಕ್ಕೆ ನನಗೆಲ್ಲಿ ಪುರುಸೊತ್ತು? ಗಟ್ಟಿ ಬಟ್ಟೆ, ನಿನಗಿರಲಿ" ಎಂದ. ದಬ್ಬಣ ತೆಗೆದುಕೊಂಡು, ಬಲೆಯ ಹಸಿರು ನೈಲಾನ್ ದಾರದಲ್ಲಿ ಸುತ್ತಲೂ ಬಲೆಯ ಗಂಟನ್ನೇ ಹಾಕಿ ಹೊಲಿದ. "ತಿಮಿಂಗಿಲ ಎಳೆದರೂ ಬಿಚ್ಚುವುದಿಲ್ಲ" ಎಂದು ಭರವಸೆಯನ್ನೂ ಕೊಟ್ಟ.

ಗಂಟುಗಳು ಬಿಚ್ಚಿಲ್ಲ ನಿಜ, ಆದರೆ ಒಂದೊಂದೂ ಕಡಲೆಕಾಳಿನಷ್ಟಿವೆ. ಶನಿವಾರ ಆಫೀಸಿನಲ್ಲಿ ಕೂತ ಎರಡೇ ನಿಮಿಷಕ್ಕೆ ಒತ್ತತೊಡಗುತ್ತವೆ. ಎದ್ದು ಒಂದು ಫೈಲು ಹುಡುಕುತ್ತೇನೆ, ಕೌಂಟರಿಗೆ ಬಂದವರ ಬಳಿ ನಾನೇ ಹೋಗಿ ವಿಚಾರಿಸುತ್ತೇನೆ. "ಶನಿವಾರ ಮಾತ್ರ ನಿಮ್ಮ ಕೆಲಸ ಭಾರೀ ಚುರುಕು" ಎಂದು ಮ್ಯಾನೇಜರರು ಎಲ್ಲರೆದುರು ಹೊಗಳಿದರು. ನನ್ನನ್ನು ಓದಿಸಿ ಕುರ್ಚಿಗೆ ಕೂರಿಸಿದ ಅಣ್ಣನೇ ಈಗ ವಾರಕ್ಕೊಮ್ಮೆ ಎಬ್ಬಿಸಿ ಕೆಲಸ ಮಾಡಿಸುತ್ತಿದ್ದಾನೆ ಎಂದು ಅವರಿಗೆ ಹೇಗೆ ಹೇಳಲಿ?