ಕರೆಂಟು ಹೋದಲ್ಲಿಗೆ ಚಿತ್ರ ಮುಕ್ತಾಯ

ಲಾ ಸೀಬಾ ಕೇರಿಯ ಅಂತರರಾಷ್ಟ್ರೀಯ ಸ್ವತಂತ್ರ ಚಲನಚಿತ್ರೋತ್ಸವದಲ್ಲಿ ಅಧಿಕೃತ ದಾಖಲೆಯ ಪ್ರಕಾರ ಈವರೆಗೆ ಯಾವ ದೇಶದ ಯಾವ ಚಿತ್ರವೂ ಕೊನೆಯವರೆಗೆ ಪ್ರದರ್ಶನಗೊಂಡಿಲ್ಲ. ಇದನ್ನು ಕೊರತೆಯೆಂದು ಭಾವಿಸತಕ್ಕದ್ದಲ್ಲ. ನಿಯಮಾವಳಿಯ ನಾಲ್ಕನೇ ಕಲಮು ಸ್ಪಷ್ಟವಾಗಿದೆ: "ಕರೆಂಟು ಎಲ್ಲಿ ಹೋಗುತ್ತದೋ ಅಲ್ಲಿಗೆ ಚಿತ್ರ ಮುಕ್ತಾಯವಾಯಿತೆಂದು ಪರಿಗಣಿಸತಕ್ಕದ್ದು. ಉಳಿದ ಭಾಗವನ್ನು ನೆರೆದ ನಿವಾಸಿಗಳು ಬಾಯಿಮಾತಿನಲ್ಲಿ ಪೂರೈಸತಕ್ಕದ್ದು."

ಸಾಂತೊ ದೊಮಿಂಗೊ ನಗರದ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಬಂದಾಗ ಇಡೀ ಕೇರಿ "ಬಂತೂ!" ಎಂದು ಕೂಗಿ ಚಪ್ಪಾಳೆ ತಟ್ಟುತ್ತದೆ. ಉತ್ಸವದ ಮೊದಲ ವರ್ಷ ಫಿನ್‌ಲೆಂಡಿನ ಚಿತ್ರವೊಂದು ನಡೆದಿತ್ತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಬ್ಬ ಗಾಳ ಹಾಕಿಕೊಂಡು ಕೂತಿದ್ದ. ಮೀನು ಕಚ್ಚುವ ಮೊದಲೇ ಕರೆಂಟು ಹೋಯಿತು. ಮನೆಯಿಂದ ಕುರ್ಚಿ ಹೊತ್ತು ತಂದವರು ಅಷ್ಟಕ್ಕೆಲ್ಲ ಏಳುತ್ತಾರೆಯೆ? ಇಸ್ತ್ರಿ ಅಂಗಡಿಯ ಮಿಗೆಲಿನಾ, "ಅವ್ನು ಮೀನಿಗಲ್ರೀ ಕಾಯ್ತಿರೋದು, ಅತ್ತಿಗೆಗೆ!" ಎಂದಳು. ಅಲ್ಲಿಂದ ಕಥೆ ಓಟ ಕಿತ್ತಿತು. ಅಣ್ಣ ಮಚ್ಚು ಹಿಡಿದು ಬಂದ, ರಾಜಿಯಾಯಿತು, ಮದುವೆಯಾಯಿತು, ಮೇಕೆ ಮಾಂಸದ ಊಟವೂ ಆಯಿತು. ದುಭಾಷಿಯ ಮೂಲಕ ಇದನ್ನೆಲ್ಲ ಕೇಳಿಸಿಕೊಂಡ ಫಿನ್‌ಲೆಂಡಿನ ನಿರ್ದೇಶಕ ಗಳಗಳನೆ ಅತ್ತ. "ನನ್ ಸಿನಿಮಾದಲ್ಲಿ ಅವ್ನಿಗೆ ಮೀನೂ ಸಿಗಲ್ಲ," ಎಂದ.

ಅವನು ತನ್ನ ಊರಿನ ಪತ್ರಿಕೆಯಲ್ಲಿ ಬರೆದದ್ದೇ ತಡ, ಲಾ ಸೀಬಾದಲ್ಲಿ ಅರ್ಧಕ್ಕೆ ನಿಲ್ಲುವುದು ಗೌರವವೆಂದು ಎಲ್ಲೆಡೆಯಿಂದ ಚಿತ್ರಗಳು ಬರತೊಡಗಿದವು. ಚಿತ್ರಗಳು ಪೂರ್ತಿ ಓಡಲೆಂದು ಸರ್ಕಾರ ಒಂದು ಇನ್ವರ್ಟರನ್ನೂ ಮಂಜೂರು ಮಾಡಿತು. ಉತ್ಸವ ಸಮಿತಿಯ ಅಧ್ಯಕ್ಷ ದೋನ್ ರಾದಾಮೆಸ್; ದೋನ್ ಎಂದರೆ ಯಜಮಾನರು. ಬೀದಿ ಮೂಲೆಯಲ್ಲಿ ಅವನದೇ ದಿನಸಿ ಅಂಗಡಿ, ಚಿತ್ರದ ಪರದೆ ಕಟ್ಟುವುದು ಅದರದೇ ಗೋಡೆಗೆ. ಹೀಗಾಗಿ ಇನ್ವರ್ಟರು ಅಂಗಡಿಯೊಳಗೆ ಪ್ರತಿಷ್ಠಾಪನೆಯಾಯಿತು. ರಿಬ್ಬನ್ ಕತ್ತರಿಸಲಾಯಿತು, ಭಾಷಣವಾಯಿತು, ಅದರ ಏಕೈಕ ಪ್ಲಗ್ಗಿಗೆ ಬಿಯರಿನ ಫ್ರಿಜ್ಜನ್ನು ಜೋಡಿಸಲಾಯಿತು.

ಇದರಿಂದ ಸಂಕಟಕ್ಕೆ ಸಿಕ್ಕಿದವಳು ಯೊಕಾಸ್ತಾ ಒಬ್ಬಳೇ. ಕೇರಿಯಲ್ಲಿ ಹೆಂಗಸರ ತಲೆಗೂದಲು ಒಪ್ಪ ಮಾಡುವವಳು. ಗಿರಾಕಿಗಳ ನಡುವಿನ ಬಿಡುವಿನಲ್ಲಿ, ಫೋನಿನಲ್ಲೇ, ತನ್ನ ತಾಯಿ ಸೆಫೆರಿನಾಳ ಬಗ್ಗೆ ಒಂದು ಪುಟ್ಟ ಚಿತ್ರ ತೆಗೆದಿದ್ದಳು. ಅದರ ಕೊನೆಯ ನಿಮಿಷದಲ್ಲಿ ಮುದುಕಿ ಹಿತ್ತಿಲಲ್ಲಿ ಕುಣಿಯುತ್ತಾಳೆ. ಆಮೇಲೆ ಮಂಡಿ ಕೈಕೊಟ್ಟಿತು, ಅವಳು ಮತ್ತೆ ಕುಣಿದದ್ದಿಲ್ಲ. ಅದನ್ನು ಅಮ್ಮ ಪರದೆಯ ಮೇಲೆ, ಕೇರಿಯವರ ನಡುವೆ ಕೂತು ನೋಡಬೇಕೆಂಬುದು ಮಗಳ ಆಸೆ. ಫೋನಿನಲ್ಲಿ ತೋರಿಸಹೋದರೆ ಸೆಫೆರಿನಾ, "ಇರುವೆ ಓಡಾಡಿದ ಹಂಗೆ ಕಾಣತ್ತೆ, ತೆಗಿಯೇ," ಎನ್ನುತ್ತಿದ್ದಳು.

ಎರಡು ವರ್ಷ ಚಿತ್ರ ಉತ್ಸವದ ಸ್ಪರ್ಧೆಗೆ ಆಯ್ಕೆಯಾಯಿತು, ಎರಡೂ ವರ್ಷ ಕುಣಿತಕ್ಕೆ ಮೊದಲೇ ಕರೆಂಟು ಹೋಯಿತು. ಮೊದಲ ಸಲ ಕೇರಿಯವರು ಸೆಫೆರಿನಾಳಿಗೆ ಮೂವರು ಪ್ರೇಮಿಗಳನ್ನು ದಯಪಾಲಿಸಿದರು. ಎರಡನೇ ಸಲ ಬಾಯಿಮಾತಿನಲ್ಲೇ ಅವಳನ್ನು ತಾರಸಿಯ ಮೇಲೆ ಕುಣಿಸಿದರು.

ಮೂರನೇ ವರ್ಷ ಯೊಕಾಸ್ತಾ ಅಂಗಡಿಗೇ ಹೋದಳು.

"ದೋನ್ ರಾದಾಮೆಸ್, ಒಂದೇ ಒಂದ್ ನಿಮಿಷ. ಫ್ರಿಜ್ ತೆಗ್ದು ಪ್ರೊಜೆಕ್ಟರ್ ಹಾಕಿ."

"ಬಿಯರ್ ಬಿಸಿಯಾದ್ರೆ ಜನ ಎದ್ದು ಹೋಗ್ತಾರೆ ಮಗಳೇ. ಜನ ಇಲ್ದಿದ್ರೆ ಕೊನೆ ಹೇಳೋರ್ಯಾರು? ಕೊನೆ ಇಲ್ದಿದ್ರೆ ಅದು ಸಿನಿಮಾನಾ? ನಾನು ಕಾಪಾಡ್ತಿರೋದು ಬಿಯರನ್ನಲ್ಲ, ಕಲೇನ."

"ಆ ಬಿಯರ್ ದುಡ್ಡು ಯಾರ್ ಗಲ್ಲಾಕ್ಕೆ ಹೋಗತ್ತೆ?"

"ಕಲೆಯ ಗಲ್ಲಾಕ್ಕೆ. ಸದ್ಯಕ್ಕೆ ಅದು ನನ್ ಅಂಗಡೀಲಿದೆ, ಅಷ್ಟೆ."

ಪ್ರದರ್ಶನದ ಸಂಜೆ ಸೆಫೆರಿನಾ ಹಸಿರು ಲಂಗ ತೊಟ್ಟು ಮುಂದಿನ ಸಾಲಿನಲ್ಲಿ ಕೂತಳು. ಪರದೆಯ ಮೇಲಿನ ಸೆಫೆರಿನಾ ಹಿತ್ತಿಲ ಬಾಗಿಲ ಅಗುಳಿಗೆ ಕೈ ಹಾಕಿದಳು. ಕರೆಂಟು ಹೋಯಿತು.

"ಬಾಗಿಲ ಆಚೆ ಒಂದು ಹಡಗು ನಿಂತಿದೆ!" ಎಂದು ಮಿಗೆಲಿನಾ ಆಗಲೇ ಶುರು ಹಚ್ಚಿಕೊಂಡಳು.

ಯೊಕಾಸ್ತಾ ಯಾರನ್ನೂ ಕೇಳಲಿಲ್ಲ. ಸೀದಾ ಅಂಗಡಿಗೆ ನುಗ್ಗಿ ಫ್ರಿಜ್ಜಿನ ಪ್ಲಗ್ಗು ಕಿತ್ತು ಪ್ರೊಜೆಕ್ಟರಿನದನ್ನು ಸಿಕ್ಕಿಸಿದಳು. ಚಿತ್ರ ನಿಂತಲ್ಲಿಂದಲೇ ಮುಂದುವರಿಯಿತು. ಬಾಗಿಲು ತೆರೆಯಿತು. ಹಡಗಿರಲಿಲ್ಲ. ಎರಡು ಬಕೆಟ್ಟು, ಒಣಹಾಕಿದ ಬಟ್ಟೆ, ಪಕ್ಕದ ಮನೆಯ ರೇಡಿಯೊದ ಹಾಡು. ಮುದುಕಿಯೊಬ್ಬಳು ಒಂದು ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಮೆಲ್ಲಗೆ ಕುಣಿದಳು. ನೋಡುತ್ತಿದ್ದ ಯೊಕಾಸ್ತಾಳಿಗೆ ಅಳು ಒತ್ತರಿಸಿ ಬಂತು. ಹಾಡು ಮುಗಿಯಿತು, ಮುದುಕಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು, ಚಿತ್ರ ಮುಗಿಯಿತು.

ಲಾ ಸೀಬಾ ಕೇರಿ ಮೊಟ್ಟಮೊದಲ ಬಾರಿಗೆ ಒಂದು ಚಿತ್ರದ ನಿಜವಾದ ಕೊನೆಯನ್ನು ಕಂಡಿತ್ತು.

"ಇಷ್ಟೇನಾ?" ಎಂದಳು ಮಿಗೆಲಿನಾ.

ಸಮಿತಿ ನಿಂತ ನಿಲುವಿನಲ್ಲೇ ತುರ್ತು ಸಭೆ ಸೇರಿತು. ದೋನ್ ರಾದಾಮೆಸ್ ಗಂಟಲು ಸರಿಮಾಡಿಕೊಂಡು ಪ್ರಕಟಿಸಿದ: "ಸದರಿ ಚಿತ್ರವು ಸಮಿತಿಯ ಪೂರ್ವಾನುಮತಿ ಇಲ್ಲದೆ ಮುಕ್ತಾಯಗೊಂಡಿರುವ ಕಾರಣ ಅದನ್ನು ಸ್ಪರ್ಧೆಯಿಂದ ಹೊರಗಿಡಲಾಗಿದೆ. ಬಿಯರ್ ಬಿಸಿಯಾಗಿದೆಯೆಂಬ ಕಾರಣಕ್ಕೆ ಯಾರೂ ಬೆಲೆ ಇಳಿಸಲು ಕೇಳತಕ್ಕದ್ದಲ್ಲ."

ಯೊಕಾಸ್ತಾಳಿಗೆ ಅದು ಕಿವಿಗೇ ಬೀಳಲಿಲ್ಲ. ಅಮ್ಮನ ಬಳಿ ಕುಕ್ಕರಗಾಲಲ್ಲಿ ಕೂತು, "ನೋಡಿದ್ಯಾಮ್ಮಾ?" ಎಂದಳು.

ಸೆಫೆರಿನಾಳ ಕಣ್ಣು ಒದ್ದೆಯಾಗಿತ್ತು. ಮಗಳ ಕೆನ್ನೆ ಸವರಿದಳು. "ನೋಡ್ದೆ ಕಣೇ. ಚೆನ್ನಾಗ್ ತೆಗ್ದಿದೀಯ. ಪಾಪ, ಮುದುಕಿ ಎಷ್ಟ್ ಕಷ್ಟಪಟ್ಕೊಂಡು ಕುಣೀತು."

"ನೀನೇ ಅಲ್ವೇನಮ್ಮಾ ಅದು?"

"ನಾನೇ. ಆದ್ರೆ ಹೋದ್ವರ್ಷ ತಾರಸಿ ಮೇಲೆ ಕುಣ್ದಿದ್ನಲ್ಲ, ಆಗ ಮಂಡಿ ಒಂಚೂರೂ ನೋಯ್ಲಿಲ್ಲ." ಮುದುಕಿ ಲಂಗದ ಸುಕ್ಕು ಸರಿಮಾಡಿಕೊಂಡು ದನಿ ತಗ್ಗಿಸಿದಳು. "ಹೋಗು, ಆ ಫ್ರಿಜ್ ಹಾಕಿ ಬಾ. ಅವ್ಳು ಹಡಗು ಅಂತಿದ್ಳು. ಅದ್ರಲ್ಲಿ ಯಾರ್ ಬಂದ್ರೋ ಏನೋ."

ಯೊಕಾಸ್ತಾ ಅಮ್ಮನ ಬಳಿಯಿಂದ ಎದ್ದಳು. ಅಂಗಡಿಗೆ ಹೋಗಿ ಪ್ರೊಜೆಕ್ಟರಿನ ಪ್ಲಗ್ಗು ಕಿತ್ತು ಫ್ರಿಜ್ಜಿನದನ್ನು ಸಿಕ್ಕಿಸಿದಳು. ಪರದೆ ಕತ್ತಲಾಯಿತು, ಜನ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಿಗೆಲಿನಾ ಹಡಗಿನಿಂದ ಕ್ಯಾಪ್ಟನನನ್ನು ಇಳಿಸಿ, ಸೆಫೆರಿನಾಳ ಎದುರು ನಿಲ್ಲಿಸಿ, ಮುಂದೇನೆಂದು ತೋಚದೆ ತಡವರಿಸಿದಳು.

"ಅಮ್ಮ ಚಪ್ಪಲಿ ಬಿಟ್ಳು," ಎಂದಳು ಯೊಕಾಸ್ತಾ ಕತ್ತಲಲ್ಲಿ. "ಹಡಗಿನ ತುದಿಯಿಂದ ತುದಿಯವರ್ಗೂ ಕುಣಿದ್ಳು. ಕ್ಯಾಪ್ಟನಿಗೇ ಸುಸ್ತಾಯ್ತು."

ಮುಂದಿನ ಸಾಲಿನಿಂದ ಮುದುಕಿಯ ಕಿಲಕಿಲ ನಗು ಕೇಳಿಸಿತು. ಚಿತ್ರವು ಈಗ ನಿಯಮದಂತೆ ಅಪೂರ್ಣಗೊಂಡಿರುವುದರಿಂದ ಅದನ್ನು ಸ್ಪರ್ಧೆಗೆ ಮರಳಿ ಸೇರಿಸಿಕೊಳ್ಳಲಾಗಿದೆ ಎಂದು ದೋನ್ ರಾದಾಮೆಸ್ ಪ್ರಕಟಿಸಿದ. ಯಾರೂ ಆಕ್ಷೇಪಿಸಲಿಲ್ಲ, ನಿರ್ದೇಶಕಿ ಕೂಡ.