ಒಂದೇ ಕೋಣೆ ಉಳಿದಿದೆಯೆಂದು ನಮ್ಮನ್ನು ಹೆದರಿಸಿದವರಿಗೆ

ಹೋಟೆಲ್ ಕೋಣೆಗಳ ಅತಿ ಕಡಿಮೆ ದರವನ್ನು ಹುಡುಕಿಕೊಡುವ ಜಾಲತಾಣದ ಮಾನ್ಯ ವ್ಯವಸ್ಥಾಪಕರೇ,

ಟೊಲೀಡೊ ನಗರದಿಂದ ಡೋರೀನ್ ಷಿಮಾನ್ಸ್ಕಿ ಎಂಬ ನಿವೃತ್ತ ಶಾಲಾ ಶಿಕ್ಷಕಿ ಮಾಡುವ ವಿನಯಪೂರ್ವಕ ವಂದನೆಗಳು. ತಾವೂ ತಮ್ಮ ಲೆಕ್ಕ ಹಾಕುವ ಯಂತ್ರಗಳೂ ಕುಶಲವೆಂದು ನಂಬಿದ್ದೇನೆ.

ನನ್ನ ಅಕ್ಕ ಲೂಸಿಲ್ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ಮದುವೆಗೆ ಮನಸ್ಸು ಮಾಡಿದಳು. ಅಮ್ಮನ ಪಿಯಾನೊ ಯಾರ ಮನೆ ಸೇರಬೇಕೆಂಬ ಜಗಳದಲ್ಲಿ, ಇಬ್ಬರಿಗೂ ಅದನ್ನು ನುಡಿಸಲು ಬಾರದಿದ್ದರೂ, ನಾವು ಎಂಟು ವರ್ಷ ಮಾತು ಬಿಟ್ಟಿದ್ದೆವು. ಈರೀ ಪಟ್ಟಣದಿಂದ ಅವಳ ಕರೆಯೋಲೆ ಬಂದಾಗ ನನ್ನ ಪತಿ ಲೆನ್, "ಅವಳಾಗೇ ಕರೆದಿದ್ದಾಳೆ, ಇನ್ನೂ ಯಾಕೆ ಬಿಗುಮಾನ? ಹೋಗೋಣ ನಡಿ" ಎಂದರು. ಹಾಗಾಗಿ ಅಲ್ಲಿ ತಂಗಲು ಕೋಣೆ ಹುಡುಕುತ್ತ ತಮ್ಮ ಪಾದಕ್ಕೆ ಬಂದೆವು.

ಮೊದಲು ತಾವು ತೋರಿಸಿದ ದರ ತೊಂಬತ್ತನಾಲ್ಕು ಡಾಲರ್. ನಾನು ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಅದು ನೂರ ಹನ್ನೆರಡಾಗಿತ್ತು; ಅಷ್ಟರೊಳಗೆ ಆ ಕೋಣೆಗೆ ಹೊಸ ಪರದೆ ಹೊಲಿಸಿ ಹಾಕಿದ ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಕೊನೆಯ ಪುಟದಲ್ಲಿ, ಜನವರಿಯ ಹಿಮದಲ್ಲಿ ಮುಚ್ಚಿಹೋಗಿದ್ದ ಈಜುಕೊಳದ ಸಲುವಾಗಿ ಸೌಕರ್ಯ ಶುಲ್ಕವೂ ಸೇರಿತು. ನೋಡಿದಷ್ಟೂ ಬೆಲೆ ಏರುವುದಾದರೆ, ಕಣ್ಣು ಮುಚ್ಚಿಕೊಂಡು ನೋಡುವ ವಿಧಾನವನ್ನು ದಯವಿಟ್ಟು ಕಲಿಸಿಕೊಡಬೇಕು.

ಆಗಲೇ ಕೆಂಪು ಅಕ್ಷರಗಳು ಮಿನುಗಿದವು: ಈ ಕ್ಷಣ ಇನ್ನೊಬ್ಬರು ಇದೇ ಕೋಣೆಯನ್ನು ನೋಡುತ್ತಿದ್ದಾರೆ, ಒಂದೇ ಕೋಣೆ ಉಳಿದಿದೆ.

"ಲೆನ್, ಯಾರೋ ನಮ್ಮ ರೂಮಿನ ಮೇಲೆ ಕಣ್ಣು ಹಾಕಿದಾರೆ, ಬೇಗ ಬಾ!" ಎಂದು ಕೂಗಿದೆ.

"ತಡಿಯೇ, ಇಲ್ಲೂ ಒಬ್ಬರು ಅಡ್ಡ ಬರ್ತಿದಾರೆ, ನಾನೇನು ಬಿಡೋಲ್ಲ!" ಎಂದು ಗ್ಯಾರೇಜಿನಿಂದ ಉತ್ತರ ಬಂತು.

ಅವರು ಫುಟ್‌ಬಾಲ್ ನೋಡುತ್ತಿದ್ದಾರೆಂದುಕೊಂಡು ನಾನು ಗುಂಡಿ ಒತ್ತಿದೆ. ಅವರು ಗೆದ್ದ ಮುಖ ಹೊತ್ತು ಫೋನ್ ಹಿಡಿದು ಒಳಗೆ ಬಂದಾಗಲೇ ಗೊತ್ತಾಗಿದ್ದು, ಆ ಇನ್ನೊಬ್ಬರು ನನ್ನ ಗಂಡನೇ ಎಂದು. ನಲವತ್ತು ವರ್ಷದ ದಾಂಪತ್ಯದಲ್ಲಿ ನಾವಿಬ್ಬರೂ ಒಂದೇ ವಸ್ತುವನ್ನು ಇಷ್ಟು ಉತ್ಕಟವಾಗಿ ಬಯಸಿದ್ದು ಅದೇ ಮೊದಲು. ಉಳಿದಿದ್ದ ಆ ಒಂದೇ ಕೋಣೆಯನ್ನು ತಾವು ನಮಗೆ ಎರಡು ಕೋಣೆಗಳಾಗಿ ಮಾರಿದ ಪವಾಡಕ್ಕೆ ಏನೆಂದು ಹೇಳಲಿ?

ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. "ದುಡ್ಡು ವಾಪಸ್ ಬರೋಲ್ಲ ಮೇಡಂ," ಎಂದಳು ಮಧುರ ಕಂಠದ ಹುಡುಗಿ, "ಆದ್ರೆ ಮೂರನೇ ರೂಮ್ ತಗೊಂಡ್ರೆ ರಿಯಾಯಿತಿ ಇದೆ."

ಈರೀ ತಲುಪಿದ ಸಂಜೆ ಲೆನ್ ಈ ಕತೆಯನ್ನು ನೆಂಟರಿಗೆಲ್ಲ ಹಂಚಿದರು. ನಾನೂ ಅಕ್ಕನೂ ಮಾತ್ರ ಹವಾಮಾನದ ವಿಷಯ ಬಿಟ್ಟು ಬೇರೇನೂ ಆಡಲಿಲ್ಲ. ಮದುವೆಯ ಬೆಳಿಗ್ಗೆ ನಮ್ಮ ಹೋಟೆಲ್ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಉಡುಪನ್ನು ತೋಳಿನ ಮೇಲೆ ಹಾಕಿಕೊಂಡು ಲೂಸಿಲ್ ನಿಂತಿದ್ದಳು.

"ಮದುಮಗನ ತಂಗಿಯರು ನನ್ನ ಮನೆಯಲ್ಲಿ ಒಂದು ಕನ್ನಡೀನೂ ಬಿಟ್ಟುಕೊಡ್ತಿಲ್ಲ ಡೋರೀ. ನಿನ್ನ ಹತ್ರ ಇನ್ನೊಂದು ರೂಮ್ ಇದೆಯಂತೆ?"

ಆ ಖಾಲಿ ಕೋಣೆಯಲ್ಲಿ ಅವಳನ್ನು ಸಿಂಗರಿಸಿದೆ. ಬೆನ್ನ ಮೇಲಿನ ಜಿಪ್ ಅರ್ಧಕ್ಕೇ ನಿಂತಿತು.

"ಉಸಿರು ಬಿಗಿ ಹಿಡಿಯೇ ಅಕ್ಕಾ."

"ನಿನ್ನ ಮೇಲಿನ ಸಿಟ್ಟಿಗೆ ಎಂಟು ವರ್ಷ ಹಿಡಿದಿದ್ದೆ ಕಣೇ, ಇನ್ನು ನನ್ನ ಕೈಲಾಗೋಲ್ಲ."

ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು, ಅಷ್ಟರಲ್ಲಿ ಜಿಪ್ ಹರಿಯಿತು. ಅಕ್ಕ ಬೆನ್ನ ತುಂಬ ಪಿನ್ನು ಚುಚ್ಚಿಸಿಕೊಂಡೇ ಚರ್ಚಿನಲ್ಲಿ ಉಂಗುರ ತೊಟ್ಟಳು. ಅವಳನ್ನು ಅಪ್ಪಿಕೊಂಡವರೆಲ್ಲ ಸಣ್ಣಗೆ ಚೀರಿದರು.

ಮಾನ್ಯರೇ, ಈ ರಾಜಿಯ ಸುದ್ದಿ ತಿಳಿದ ಮೇಲೆ ತಾವು ಅದಕ್ಕೂ ಒಂದು ಶುಲ್ಕ ವಿಧಿಸದಿರಬೇಕೆಂದು ಬೇಡಿಕೊಳ್ಳುತ್ತೇನೆ. ಈಜುಕೊಳದ ಹಣವನ್ನು ಹಿಂದಿರುಗಿಸಲಾಗದಿದ್ದರೆ, ಅಷ್ಟು ಬೆಲೆಯ ನೀರನ್ನಾದರೂ ಅಂಚೆಯಲ್ಲಿ ಕಳುಹಿಸಿಕೊಡಿ.

ತಮ್ಮ ಕೆಂಪು ಅಕ್ಷರಗಳನ್ನು ಇಂದಿಗೂ ಮರೆಯದ,
ತಮ್ಮ ವಿಶ್ವಾಸಿ,
ಡೋರೀನ್ ಷಿಮಾನ್ಸ್ಕಿ

ಮರೆತ ಮಾತು: ಹೊರಡುವಾಗ ಕೀಲಿ ಪಡೆದುಕೊಂಡ ಹೋಟೆಲಿನವರು, "ನಮಗೇ ಒಂದು ಫೋನ್ ಮಾಡಿದ್ರೆ ಎಂಬತ್ತಕ್ಕೆ ಕೊಡ್ತಿದ್ವಲ್ಲ. ಈ ಚಳೀಲಿ ಇಲ್ಲಿಗೆ ಯಾರು ಬರ್ತಾರೆ? ಇಡೀ ಮಹಡೀಲಿ ನೀವಿಬ್ರೇ ಇದ್ದಿದ್ದು" ಎಂದರು. ಅವರ ಫೋನ್ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ತಮಗೂ ಎಂದಾದರೂ ಕೋಣೆ ಬೇಕಾದರೆ ಸಂಕೋಚವಿಲ್ಲದೆ ಕೇಳಿ.